ಹಾಲು ಬಿಟ್ಟ ದಿನವೇ ಮನೆ ಬಿಡಿಸಬೇಡಿ

ಪ್ರಶ್ನೆ: ನಮ್ಮ ಮನೆಯಲ್ಲಿ ಒಂದು ಜೋಡಿ ಬಿಳಿ ಮೊಲ ಇದೆ. ಹೆಣ್ಣು ಮೊದಲ ಸಲ ಮರಿ ಹಾಕಿದೆ. ಆರು ಮರಿ, ಇವತ್ತಿಗೆ 26 ದಿನ. ಎಲ್ಲವೂ ಚುರುಕಾಗಿವೆ, ಹುಲ್ಲು ಕಡಿಯಲು ಶುರು ಮಾಡಿವೆ. ತಾಯಿ ಹಾಲು ಕೊಡುವುದನ್ನು ಮಾತ್ರ ನಾವು ಒಂದು ಸಲವೂ ನೋಡಿಲ್ಲ. ಸಾಕುಪ್ರಾಣಿ ಅಂಗಡಿಯವರು "ತಿಂಗಳು ತುಂಬಿದ ಕೂಡಲೇ ಕೊಡಿ, ಅಂಗೈಯಲ್ಲಿ ಕೂರೋ ಹಾಗಿದ್ದರೇ ಜನ ತಗೊಳ್ಳೋದು, ಎರಡು ತಿಂಗಳಾದರೆ ಯಾರೂ ಕೇಳಲ್ಲ" ಅನ್ನುತ್ತಾರೆ. ಮೊಲದ ಫಾರ್ಮ್ ಇಟ್ಟಿರುವ ನಮ್ಮ ಚಿಕ್ಕಪ್ಪ ಕೂಡ 30 ದಿನಕ್ಕೇ ಹಾಲು ಬಿಡಿಸುತ್ತಾರಂತೆ. ಆದರೆ ಎಂಟು ವಾರ ಕಾಯಬೇಕು ಅಂತ ಒಂದು ಕಡೆ ಓದಿದೆ. ಯಾವುದು ಸರಿ? (ಓದುಗರು, ದಾವಣಗೆರೆ ಜಿಲ್ಲೆ)

ಪಶುವೈದ್ಯರ ಉತ್ತರ:

ಕಡಿಮೆ ಅಂದರೂ ಎಂಟು ವಾರ, ಅಂದರೆ 56 ದಿನ. ನಿಮ್ಮ ಮರಿಗಳು ಇನ್ನೂ 30 ದಿನ ನಿಮ್ಮಲ್ಲೇ ಇರಬೇಕು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅಂಗಡಿಯವರು ಇನ್ನು ನಾಲ್ಕೇ ದಿನಕ್ಕೆ ಬುಟ್ಟಿ ಹಿಡಿದು ಬಾಗಿಲಿಗೆ ಬರಬಹುದು.

ಇದಕ್ಕಿಂತಲೂ ಅವಸರದ ಮಾತು ಒಂದಿದೆ. ಜೋಡಿ ಮೊಲ ಅಂದಿರಿ. ಗಂಡು ಈಗ ಎಲ್ಲಿದೆ? ಮರಿ ಹಾಕಿದ ದಿನ ಅದೂ ಅದೇ ಗೂಡಿನಲ್ಲಿ ಇತ್ತಾ? ಹಸು, ಎಮ್ಮೆಯ ಹಾಗೆ ಮೊಲ ಬೆದೆಯ ಸರದಿಗೆ ಕಾಯುವುದಿಲ್ಲ. ಗಂಡಿನ ಜೊತೆ ಕೂಡಿದ ಮೇಲೆಯೇ ಅದರ ಅಂಡಾಣು ಬಿಡುಗಡೆಯಾಗುತ್ತದೆ. ಮರಿ ಹಾಕಿದ ದಿನವೇ ಅದು ಮತ್ತೆ ಗಬ್ಬ ಕಟ್ಟಬಲ್ಲದು. ಗಬ್ಬದ ಅವಧಿ ಸುಮಾರು 31 ದಿನ. ಲೆಕ್ಕ ಹಾಕಿ ನೋಡಿ. ಗಂಡು ಜೊತೆಯಲ್ಲೇ ಇದ್ದಿದ್ದರೆ ಇನ್ನು ಐದು ದಿನದಲ್ಲಿ ನಿಮ್ಮ ಗೂಡಿನಲ್ಲಿ ಎರಡನೇ ಸೂಲು ಬರಬಹುದು! ಹಾಗಾಗಿ ಗಂಡನ್ನು ಇವತ್ತೇ ಬೇರೆ ಗೂಡಿಗೆ ಹಾಕಿ. ತಾಯಿ ಬಾಯಲ್ಲಿ ಹುಲ್ಲು ಕಚ್ಚಿಕೊಂಡು ಓಡಾಡುತ್ತಿದೆಯಾ, ಎದೆಯ ಕೂದಲು ಕಿತ್ತು ಮೂಲೆಯಲ್ಲಿ ಗುಡ್ಡೆ ಹಾಕುತ್ತಿದೆಯಾ ಗಮನಿಸಿ. ಹಾಗೆ ಮಾಡುತ್ತಿದ್ದರೆ ಅದು ಹೊಸ ಮರಿಗಳಿಗೆ ಗೂಡು ಕಟ್ಟುತ್ತಿದೆ ಎಂದೇ ಅರ್ಥ. ಆಗ ತಾಯಿಗೆ ಬೇರೆ ಜಾಗ, ಒಂದು ಪೆಟ್ಟಿಗೆ, ಒಣಹುಲ್ಲು ಕೊಡಿ. ಈಗಿನ ಆರು ಮರಿಗಳು ಇರುವ ಗೂಡಿನಲ್ಲೇ ಇರಲಿ. ತಾಯಿ ಜಾಗ ಬದಲಿಸಲಿ, ಮರಿಗಳು ಬೇಡ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಈಗ ಹಾಲಿನ ವಿಷಯ. ತಾಯಿ ಹಾಲು ಕೊಡುವುದನ್ನು ನೋಡೇ ಇಲ್ಲ ಅಂತ ಬರೆದಿದ್ದೀರಿ. ನೀವಷ್ಟೇ ಅಲ್ಲ, ಮೊಲ ಸಾಕಿದ ಎಷ್ಟೋ ಜನ ನೋಡಿರುವುದಿಲ್ಲ. ಮೊಲ ದಿನಕ್ಕೆ ಒಂದು ಸಲ, ಎಲ್ಲೋ ಕೆಲವೊಮ್ಮೆ ಎರಡು ಸಲ ಹಾಲು ಕೊಡುತ್ತದೆ. ಅದೂ ಮೂರರಿಂದ ಐದು ನಿಮಿಷ ಅಷ್ಟೇ, ಹೆಚ್ಚಾಗಿ ರಾತ್ರಿ ಅಥವಾ ಬೆಳಗಿನ ಜಾವ. ಕಾಡಿನಲ್ಲಿ ಬಿಲದ ಬಳಿ ಜಾಸ್ತಿ ಹೊತ್ತು ನಿಂತರೆ ವಾಸನೆ ಹಿಡಿದು ಬೇಟೆಯ ಪ್ರಾಣಿ ಬರುತ್ತದೆ. ಅದಕ್ಕೇ ತಾಯಿ ಬಂದು, ಮರಿಗಳ ಮೇಲೆ ನಿಂತು, ಹಾಲು ಕೊಟ್ಟು, ಹೊರಟುಬಿಡುತ್ತದೆ. ಕಣ್ಣೂ ಬಿಡದ ಮರಿಗಳು ಬರೀ ವಾಸನೆಯಿಂದ ಕೆಲವೇ ಸೆಕೆಂಡಿನಲ್ಲಿ ಮೊಲೆ ಹುಡುಕುತ್ತವೆ. ಹಾಲು ಕುಡಿದ ಚಿಕ್ಕ ಮರಿಯನ್ನು ಅಂಗಾತ ಹಿಡಿದು ನೋಡಿದರೆ ಹೊಟ್ಟೆ ತಮಟೆಯ ಹಾಗೆ ಬಿಗಿದಿರುತ್ತದೆ. ತೆಳ್ಳನೆ ಚರ್ಮದ ಒಳಗೆ ಹಾಲು ಬೆಳ್ಳಗೆ ಕಾಣುತ್ತದೆ. ನಿಮ್ಮ ಮರಿಗಳು ಆರಕ್ಕೆ ಆರೂ 26 ದಿನ ಬದುಕಿ ಕುಣಿಯುತ್ತಿವೆ ಅಂದರೆ ನಿಮ್ಮ ಮೊಲ ಒಳ್ಳೆಯ ತಾಯಿ. ಮೊದಲ ಸೂಲಿನಲ್ಲಿ ಅಷ್ಟೂ ಉಳಿಸಿಕೊಳ್ಳುವುದು ಸುಲಭದ ಮಾತಲ್ಲ.

ಆ ಐದು ನಿಮಿಷದ ಹಾಲು ತುಂಬಾ ಗಟ್ಟಿ. ಹಸುವಿನ ಹಾಲಿಗೆ ಹೋಲಿಸಿದರೆ ಕೊಬ್ಬು, ಪ್ರೋಟೀನ್ ಎರಡೂ ಸುಮಾರು ಮೂರು ಪಟ್ಟು. ಹುಟ್ಟುವಾಗ 50-60 ಗ್ರಾಂ ಇರುವ ಮರಿ ಒಂದೇ ವಾರದಲ್ಲಿ ದುಪ್ಪಟ್ಟಾಗುವುದು ಇದರಿಂದಲೇ. ಮೂರನೇ ವಾರದ ಹೊತ್ತಿಗೆ ಹಾಲು ಅತಿ ಹೆಚ್ಚು ಬರುತ್ತದೆ, ಆಮೇಲೆ ನಿಧಾನಕ್ಕೆ ಇಳಿಯುತ್ತದೆ. ತಾಯಿ ಮತ್ತೆ ಗಬ್ಬವಾಗಿಲ್ಲದಿದ್ದರೆ ಐದಾರು ವಾರದವರೆಗೂ ಸ್ವಲ್ಪ ಸ್ವಲ್ಪ ಬರುತ್ತಲೇ ಇರುತ್ತದೆ. ಗಬ್ಬವಾಗಿದ್ದರೆ ನಾಲ್ಕನೇ ವಾರಕ್ಕೇ ಬತ್ತುತ್ತದೆ.

ಈ ಹಾಲು ಹೊಟ್ಟೆ ತುಂಬಿಸುವುದರ ಜೊತೆ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಅದರಲ್ಲೇ.

ದೊಡ್ಡ ಮೊಲದ ಜಠರದಲ್ಲಿ ಆಮ್ಲ ಬಹಳ ತೀಕ್ಷ್ಣ. ಪಿಎಚ್ (ಆಮ್ಲದ ಅಳತೆ, ಅಂಕಿ ಕಡಿಮೆಯಾದಷ್ಟೂ ಆಮ್ಲ ಜಾಸ್ತಿ) ಒಂದರಿಂದ ಎರಡು ಇರುತ್ತದೆ. ತಿಂದದ್ದರ ಜೊತೆ ಹೋದ ಕೆಟ್ಟ ಬ್ಯಾಕ್ಟೀರಿಯಾ ಅಲ್ಲೇ ಸಾಯುತ್ತವೆ. ಚಿಕ್ಕ ಮರಿಯ ಜಠರದಲ್ಲಿ ಅಷ್ಟು ಆಮ್ಲ ಇರುವುದಿಲ್ಲ, ಪಿಎಚ್ ಐದು ಆರರ ಆಸುಪಾಸು ಇರುತ್ತದೆ. ಹಾಗಾದರೆ ಅದನ್ನು ಕಾಯುವುದು ಯಾವುದು? ತಾಯಿಯ ಹಾಲಿನ ಕೊಬ್ಬು. ಅದು ಮರಿಯ ಹೊಟ್ಟೆಯಲ್ಲಿ ಜೀರ್ಣವಾಗುವಾಗ ಬ್ಯಾಕ್ಟೀರಿಯಾ ಕೊಲ್ಲುವ ಕೊಬ್ಬಿನಾಮ್ಲಗಳು ಬಿಡುಗಡೆಯಾಗುತ್ತವೆ. ಹಾಲು ಕಡಿಮೆಯಾದಂತೆ ಈ ಕಾವಲು ಕಡಿಮೆಯಾಗುತ್ತದೆ. ಆಮ್ಲದ ಕಾವಲು ಬಲಿಯಲು ಇನ್ನೂ ಕೆಲವು ವಾರ ಬೇಕು. ನಾಲ್ಕನೇ ವಾರದಿಂದ ಏಳನೇ ವಾರದವರೆಗೆ ಮರಿ ಇವೆರಡರ ನಡುವೆ ಇರುತ್ತದೆ. ಹಳೆಯ ಬೇಲಿ ಕಿತ್ತಾಗಿದೆ, ಹೊಸ ಬೇಲಿ ಇನ್ನೂ ಕಟ್ಟುತ್ತಿದ್ದಾರೆ ಅನ್ನುವಂಥ ಹೊತ್ತು ಅದು.

ಇದೇ ಹೊತ್ತಿನಲ್ಲಿ ಒಳಗೆ ಇನ್ನೊಂದು ಕೆಲಸವೂ ನಡೆಯುತ್ತಿರುತ್ತದೆ. ಮೊಲದ ದೊಡ್ಡ ಕರುಳಿನ ಶುರುವಿನಲ್ಲಿ ಸೀಕಂ ಎನ್ನುವ ದೊಡ್ಡ ಚೀಲ ಇದೆ. ಹುಲ್ಲಿನ ನಾರು ಕೊಳೆತು ಪೋಷಕಾಂಶ ಆಗುವುದು ಅಲ್ಲಿ, ಕೋಟಿಗಟ್ಟಲೆ ಒಳ್ಳೆಯ ಸೂಕ್ಷ್ಮಜೀವಿಗಳ ಸಹಾಯದಿಂದ. ಹುಟ್ಟುವಾಗ ಅಲ್ಲಿ ಏನೂ ಇರುವುದಿಲ್ಲ. ಮರಿಗಳು ಗೂಡಿನಲ್ಲಿ ತಾಯಿ ಬಿಟ್ಟ ಹಿಕ್ಕೆಯನ್ನು ಮೆಲ್ಲುತ್ತವೆ. ನೀವು ನೋಡಿ ಅಸಹ್ಯಪಟ್ಟು ಗುಡಿಸಿ ಹಾಕಿರಬಹುದು, ಆದರೆ ಆ ಸೂಕ್ಷ್ಮಜೀವಿಗಳು ತಾಯಿಯಿಂದ ಮರಿಗೆ ದಾಟುವ ಒಂದು ದಾರಿ ಅದೇ. ಮೂರು ನಾಲ್ಕು ವಾರ ತುಂಬಿದ ಮೇಲೆ ಮರಿ ತನ್ನದೇ ಮೆತ್ತನೆಯ ಹಿಕ್ಕೆ ಹಾಕಲು ಶುರು ಮಾಡುತ್ತದೆ. ಅದು ಪುಟ್ಟ ದ್ರಾಕ್ಷಿ ಗೊಂಚಲಿನ ಹಾಗೆ ಇರುತ್ತದೆ, ಹೊರಬರುತ್ತಿದ್ದಂತೆ ಬಾಯಿ ಹಾಕಿ ನುಂಗುತ್ತದೆ. ಜೀವನಪೂರ್ತಿ ಮಾಡುವ ಕೆಲಸ ಇದು, ಕಾಯಿಲೆ ಅಲ್ಲ. ಆ ಚೀಲದೊಳಗಿನ ಲೋಕ ನೆಲೆ ನಿಲ್ಲಲು ಸಮಯ ಬೇಕು. ಅಲ್ಲಿಯವರೆಗೆ ತಿನ್ನುವುದು ದಿಢೀರ್ ಬದಲಾದರೂ, ಹೆದರಿಕೆಯಾದರೂ, ಕರುಳಿನ ಚಲನೆ ನಿಂತರೂ ಕೆಟ್ಟ ಬ್ಯಾಕ್ಟೀರಿಯಾ ಮೇಲೇಳುತ್ತವೆ. ಅವು ಬಿಡುವ ವಿಷಕ್ಕೆ ಮರಿ ಒಂದೆರಡು ದಿನದಲ್ಲೇ ಸಾಯಬಹುದು.

ಈಗ ನಿಮ್ಮ ಚಿಕ್ಕಪ್ಪನ ಮಾತಿಗೆ ಬರೋಣ. ಅವರು ಹೇಳಿದ್ದು ತಪ್ಪಲ್ಲ. ಮಾಂಸಕ್ಕಾಗಿ ಸಾಕುವ ಫಾರ್ಮ್‌ಗಳಲ್ಲಿ ನಾಲ್ಕರಿಂದ ಐದು ವಾರಕ್ಕೆ ಹಾಲು ಬಿಡಿಸುವುದು ಎಲ್ಲಾ ಕಡೆ ಇರುವ ಪದ್ಧತಿ. ಆದರೆ ಚಿಕ್ಕಪ್ಪನ ಫಾರ್ಮ್‌ನಲ್ಲಿ ಹಾಲು ಬಿಟ್ಟ ಮರಿ ಎಲ್ಲಿಗೆ ಹೋಗುತ್ತದೆ ಕೇಳಿ. ಪಕ್ಕದ ಗೂಡಿಗೆ. ಅದೇ ಶೆಡ್, ಅದೇ ನೀರು, ಅದೇ ಹುಲ್ಲು, ಅದೇ ಪೆಲೆಟ್ (ಗುಳಿಗೆಯಂಥ ಸಿದ್ಧ ಆಹಾರ), ಜೊತೆಗೆ ಅದೇ ಅಣ್ಣ ತಮ್ಮಂದಿರು. ಬದಲಾಗಿದ್ದು ಒಂದೇ, ತಾಯಿ ಇಲ್ಲ. ಹಾಗಿದ್ದೂ ಆ ವಾರಗಳಲ್ಲಿ ಭೇದಿಯಿಂದ ಮರಿ ಸಾಯುವುದು ಯಾವ ಫಾರ್ಮ್‌ಗೂ ಹೊಸದಲ್ಲ, ಚಿಕ್ಕಪ್ಪನಿಗೂ ಗೊತ್ತಿರುತ್ತದೆ. ಅಂಗಡಿಗೆ ಹೋದ ಮರಿಗೆ ಹಾಗಲ್ಲ. ಒಂದೇ ದಿನ ತಾಯಿಯೂ ಇಲ್ಲ, ಹಳೆಯ ಗೂಡೂ ಇಲ್ಲ, ತಿನ್ನುವುದೂ ಬೇರೆ. ಸುತ್ತ ನಾಯಿಮರಿಗಳ ಕೂಗು, ಟ್ಯೂಬ್‌ಲೈಟು, ದಿನಕ್ಕೆ ಇಪ್ಪತ್ತು ಜನರ ಕೈ. ವಾರದೊಳಗೆ ಮತ್ತೊಂದು ಮನೆ, ಅಲ್ಲಿ ಮತ್ತೆ ಬೇರೆ ಊಟ. 30 ದಿನಕ್ಕೆ ಹಾಲು ಬಿಡಿಸಬಹುದು ಅನ್ನುವ ಮಾತನ್ನು 30 ದಿನಕ್ಕೆ ಮಾರಬಹುದು ಅಂತ ಓದಿಕೊಂಡಿದ್ದೇ ಇಲ್ಲಿ ಆಗಿರುವ ತಪ್ಪು. ಹಾಲು ಬಿಡುವುದು ಒಂದು ಹೆಜ್ಜೆ, ಮನೆ ಬಿಡುವುದು ಇನ್ನೊಂದು ಹೆಜ್ಜೆ. ಎರಡರ ನಡುವೆ ಎರಡು ಮೂರು ವಾರ ಇರಲೇಬೇಕು.

ಹೀಗೆ ಬಂದ ಮರಿಗಳನ್ನು ನಾನು ಮೇಜಿನ ಮೇಲೆ ಎಷ್ಟೋ ಸಲ ನೋಡಿದ್ದೇನೆ. ಒಂದು ಮಾತ್ರ ಮರೆಯಲು ಆಗುತ್ತಿಲ್ಲ. ಒಂದು ಸಂಜೆ ಒಬ್ಬರು ಮಗಳನ್ನು ಕರೆದುಕೊಂಡು ಬಂದರು. ಚಪ್ಪಲಿ ಡಬ್ಬದಲ್ಲಿ ಟವೆಲ್ ಹಾಸಿ ಮರಿ ಇಟ್ಟಿದ್ದರು. ಹುಟ್ಟುಹಬ್ಬಕ್ಕೆ ತಂದು ಮೂರು ದಿನ ಆಗಿತ್ತು. ಕೊಟ್ಟವರು ಒಂದೂವರೆ ತಿಂಗಳ ಮರಿ ಎಂದಿದ್ದರಂತೆ. ತೂಕ ಹಾಕಿದರೆ 310 ಗ್ರಾಂ, ನಾಲ್ಕು ವಾರ ತುಂಬಿದ್ದೂ ನನಗೆ ಅನುಮಾನ. ಕಿವಿ ಮುಟ್ಟಿದರೆ ತಣ್ಣಗೆ. ಬಾಲದ ಕೆಳಗೆಲ್ಲ ಅಂಟಂಟು. ಹೊಟ್ಟೆ ಮೆಲ್ಲಗೆ ಅಲುಗಿಸಿದರೆ ಅರ್ಧ ತುಂಬಿದ ಬಾಟಲಿಯ ಹಾಗೆ ಸದ್ದು. ಹಲ್ಲು ಕಟಕಟ ಕಡಿಯುತ್ತಿತ್ತು, ಮೊಲ ನೋವು ಹೇಳಿಕೊಳ್ಳುವುದು ಹಾಗೆ. ಏನು ಕೊಟ್ಟಿರಿ ಅಂತ ಕೇಳಿದೆ. ಕ್ಯಾರೆಟ್, ಹಾಲಿನಲ್ಲಿ ನೆನೆಸಿದ ಬಿಸ್ಕೆಟ್, ಭೇದಿ ಶುರುವಾದ ಮೇಲೆ ಮನೆಯಲ್ಲಿದ್ದ ಮಗುವಿನ ಅಮಾಕ್ಸಿಸಿಲಿನ್ (ಆಂಟಿಬಯೋಟಿಕ್) ಸಿರಪ್ ಎರಡು ಹನಿ. ಪ್ರೀತಿಯಿಂದಲೇ ಕೊಟ್ಟಿದ್ದರು. ರಾತ್ರಿ ಹತ್ತಕ್ಕೆ ಮರಿ ಹೋಯಿತು. ಆ ಹುಡುಗಿ "ನಾನು ಸರಿಯಾಗಿ ನೋಡ್ಕೊಳ್ಳಲಿಲ್ವಾ ಡಾಕ್ಟ್ರೇ?" ಅಂತ ಕೇಳಿದಳು. ನೀನು ಏನೂ ತಪ್ಪು ಮಾಡಿಲ್ಲ ಕಂದ, ಅದು ಇನ್ನೂ ಅಮ್ಮನ ಹತ್ತಿರವೇ ಇರಬೇಕಿತ್ತು ಅಂದೆ.

ಆ ಸಿರಪ್ಪಿನ ವಿಷಯ ಎಲ್ಲರಿಗೂ ತಿಳಿದಿರಲಿ. ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಿಂಡಾಮೈಸಿನ್‌ನಂಥ ಔಷಧಿಗಳನ್ನು ಮೊಲಕ್ಕೆ ಬಾಯಿಯಿಂದ ಕೊಡಲೇಬಾರದು. ಸೀಕಂನಲ್ಲಿರುವ ಒಳ್ಳೆಯ ಜೀವಿಗಳನ್ನೇ ಕೊಂದು ಕೆಟ್ಟವುಗಳಿಗೆ ಜಾಗ ಮಾಡಿಕೊಡುತ್ತವೆ. ಮನೆಯ ಔಷಧಿ ಡಬ್ಬಕ್ಕೆ ಕೈ ಹಾಕಬೇಡಿ. ಮರಿ ಒಂದು ಹೊತ್ತು ತಿನ್ನದಿದ್ದರೆ, ಹಿಕ್ಕೆ ನಿಂತರೆ, ಅಥವಾ ನೀರಿನಂಥ ಭೇದಿ ಕಂಡರೆ ಅವತ್ತೇ ಪಶುವೈದ್ಯರ ಹತ್ತಿರ ಓಡಿ, ನಾಳೆ ನೋಡೋಣ ಅನ್ನಬೇಡಿ.

ಹಾಗಾದರೆ ಈ 30 ದಿನ ನೀವು ಏನು ಮಾಡಬೇಕು? ದೊಡ್ಡ ಕೆಲಸವೇನಿಲ್ಲ. ತಾಯಿ ಮತ್ತೆ ಗಬ್ಬವಾಗಿಲ್ಲ, ಗೂಡು ದೊಡ್ಡದಿದೆ ಅಂದರೆ ಬೇರೆ ಮಾಡುವ ಅಗತ್ಯವೇ ಇಲ್ಲ. ತಾಯಿಯೇ ಮರಿಗಳನ್ನು ದೂರ ತಳ್ಳಿ ತಾನಾಗಿ ಹಾಲು ಬಿಡಿಸುತ್ತದೆ. ತಾಯಿ ತೀರಾ ಸೊರಗಿದೆ ಅನಿಸಿದರೆ ಐದಾರು ವಾರಕ್ಕೆ ಬೇರೆ ಮಾಡಿ. ಆಗಲೂ ತಾಯಿಯನ್ನೇ ಎತ್ತಿ ಬೇರೆ ಗೂಡಿಗೆ ಹಾಕಿ. ಮರಿಗಳಿಗೆ ಹಳೆಯ ಗೂಡು, ಹಳೆಯ ವಾಸನೆ, ಒಡಹುಟ್ಟಿದವರು ಇರಲಿ. ಒಂದೇ ಸಲಕ್ಕೆ ಎಲ್ಲಾ ಕಳೆದುಕೊಂಡ ಹಾಗೆ ಆಗಬಾರದು. ಬೇರೆ ಮಾಡಿದ ಮೇಲೆ ತಾಯಿಯ ಮೊಲೆ ದಿನಾ ಮುಟ್ಟಿ ನೋಡಿ. ಬಿಸಿಯಾಗಿ, ಗಟ್ಟಿಯಾಗಿ, ಕೆಂಪಾಗಿ ಕಂಡರೆ ಡಾಕ್ಟರಿಗೆ ತೋರಿಸಿ.

ತಿನ್ನಲು ಮುಖ್ಯವಾಗಿ ಒಣಹುಲ್ಲು. ದಿನಪೂರ್ತಿ ಮುಂದೆ ಇರಬೇಕು. ಹೊರದೇಶದ ಟಿಮೊಥಿ ಹುಲ್ಲೇ ಆಗಬೇಕು ಅಂತಿಲ್ಲ. ಔಷಧಿ ಹೊಡೆಯದ ಜಾಗದ ಗರಿಕೆಯನ್ನು ನೆರಳಿನಲ್ಲಿ ಒಣಗಿಸಿ ಕೊಡಿ. ಬೂಸಲು ಹಿಡಿದದ್ದು, ಮಳೆಯಲ್ಲಿ ನೆಂದು ಮುಗ್ಗಲು ವಾಸನೆ ಬಂದದ್ದು ಬೇಡವೇ ಬೇಡ. ಕುದುರೆಮೆಂತೆ (ಲೂಸರ್ನ್ ಮೇವು), ಬೆಳೆಯುವ ಮರಿಗಳಿಗೆ ಒಳ್ಳೆಯದು, ಅದರಲ್ಲಿ ಪ್ರೋಟೀನ್, ಕ್ಯಾಲ್ಸಿಯಂ ಜಾಸ್ತಿ. ಆರೇಳು ತಿಂಗಳಾದ ಮೇಲೆ ಅದೇ ಕಾರಣಕ್ಕೆ ಕಡಿಮೆ ಮಾಡಬೇಕು. ತಾಯಿ ತಿನ್ನುವ ಪೆಲೆಟ್ಟನ್ನೇ ಮರಿಗಳಿಗೂ ಸ್ವಲ್ಪ ಇಡಿ. ಹಸಿ ಸೊಪ್ಪು ಈಗಾಗಲೇ ಕೊಡುತ್ತಿದ್ದರೆ ಅದನ್ನೇ ಅಷ್ಟೇ ಮುಂದುವರಿಸಿ. ಹೊಸದು ಕೊಡಬೇಕು ಅನಿಸಿದರೆ ಒಂದು ಎಲೆಯಿಂದ ಶುರು ಮಾಡಿ, ಮಾರನೇ ದಿನದ ಹಿಕ್ಕೆ ನೋಡಿ ಮುಂದಿನ ಮಾತು. ಅಕ್ಕಿ, ಅನ್ನ, ಬ್ರೆಡ್ಡು, ಬಿಸ್ಕೆಟ್ ಬೇಡ. ಅವುಗಳ ಪಿಷ್ಟ ಈ ವಯಸ್ಸಿನ ಕರುಳಿಗೆ ಅಪಾಯ. ಹಸುವಿನ ಹಾಲು ಬೇಡ. ಕ್ಯಾರೆಟ್ ಕೂಡ ಮೊಲದ ಊಟ ಅಲ್ಲ. ದೊಡ್ಡದಾದ ಮೇಲೆ ಅಪರೂಪಕ್ಕೆ ಒಂದು ಚೂರು ಸಾಕು.

ನೀರು ಯಾವಾಗಲೂ ಇರಲಿ. ಮೊಲಕ್ಕೆ ಬೆವರಿ ಮೈ ತಂಪು ಮಾಡಿಕೊಳ್ಳಲು ಬರುವುದಿಲ್ಲ, ಶಾಖ ಹೊರಹೋಗುವುದು ಮುಖ್ಯವಾಗಿ ಕಿವಿಯಿಂದ. 30 ಡಿಗ್ರಿ ದಾಟಿದರೆ ಅದಕ್ಕೆ ಕಷ್ಟ, ನಿಮ್ಮ ಕಡೆಯ ಬೇಸಿಗೆ ನಿಮಗೇ ಗೊತ್ತು. ತಗಡಿನ ಮಾಡಿನ ಕೆಳಗೆ ಗೂಡು ಇಡಬೇಡಿ.

ಗೂಡಿನ ಹಿಕ್ಕೆಯನ್ನು ಈ ವಯಸ್ಸಿನಲ್ಲಿ ದಿನಾ ತೆಗೆಯಿರಿ. ಮೊದಲು ಗುಡಿಸಬಾರದು ಅನ್ನುವ ಅರ್ಥದಲ್ಲಿ ಹೇಳಿ ಈಗ ತೆಗೆಯಿರಿ ಅನ್ನುತ್ತಿದ್ದಾರಲ್ಲ ಅನಿಸಬಹುದು. ಕಾರಣ ಇದೆ. ಕಾಕ್ಸಿಡಿಯಾ ಎನ್ನುವ ಪರಾವಲಂಬಿ ಜೀವಿ ಮರಿಗಳನ್ನು ಹೆಚ್ಚಾಗಿ ಕಾಡುವುದು ಹಾಲು ಬಿಡುವ ಹೊತ್ತಿನಿಂದ ಮುಂದೆ. ಹಿಕ್ಕೆಯ ಜೊತೆ ಹೊರಬಿದ್ದ ಅದರ ಮೊಟ್ಟೆಗಳು ಸೋಂಕು ತರುವ ಸ್ಥಿತಿಗೆ ಬರಲು ಸಾಮಾನ್ಯವಾಗಿ ಒಂದು ದಿನಕ್ಕಿಂತ ಜಾಸ್ತಿ ಬೇಕು. ದಿನಾ ತೆಗೆದರೆ ಅವಕ್ಕೆ ಆ ಸಮಯ ಸಿಗುವುದಿಲ್ಲ. ಹೊಟ್ಟೆ ಉಬ್ಬಿ ಬೆನ್ನು ಮಾತ್ರ ಚೂಪಾಗುತ್ತಿರುವ ಮರಿ ಕಂಡರೆ ಹಿಕ್ಕೆಯನ್ನು ಪುಟ್ಟ ಡಬ್ಬಿಯಲ್ಲಿ ಹಾಕಿಕೊಂಡು ಪಶು ಆಸ್ಪತ್ರೆಗೆ ಹೋಗಿ. ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳುತ್ತಾರೆ, ಔಷಧಿ ಇದೆ.

ಅಡುಗೆಮನೆಯ ತಕ್ಕಡಿಯಲ್ಲಿ ಎರಡು ದಿನಕ್ಕೊಮ್ಮೆ ಪ್ರತಿ ಮರಿಯನ್ನೂ ತೂಗಿ ಬರೆದಿಡಿ. ಕಿವಿಯೊಳಗೆ ಸ್ಕೆಚ್ ಪೆನ್ನಿನ ಚುಕ್ಕೆ ಇಟ್ಟರೆ ಯಾವುದು ಯಾವುದು ಅಂತ ಗೊತ್ತಾಗುತ್ತದೆ. ತೂಕ ಏರುತ್ತಲೇ ಇರಬೇಕು. ಒಂದು ಮರಿ ನಿಂತಲ್ಲೇ ನಿಂತರೆ, ಭೇದಿ ಕಾಣುವ ಮೊದಲೇ ನಿಮಗೆ ಸುಳಿವು ಸಿಕ್ಕ ಹಾಗೆ. ತೂಗುವ ನೆಪದಲ್ಲಿ ಮರಿಗಳಿಗೆ ಮನುಷ್ಯರ ಕೈಯೂ ಅಭ್ಯಾಸವಾಗುತ್ತದೆ. ನೆಲದ ಮೇಲೆ ಕೂತು ಹಿಡಿಯಿರಿ, ಹಿಂಗಾಲಿಗೆ ಕೈ ಆಸರೆ ಇರಲಿ. ಗಾಬರಿಯಿಂದ ಒದ್ದರೆ ಮೊಲದ ಬೆನ್ನುಮೂಳೆ ಮುರಿಯಬಹುದು. ಕಿವಿ ಹಿಡಿದು ಎತ್ತುವುದು ಬೇಡ, ಯಾರು ಹೇಳಿದರೂ.

ಅಂಗಡಿಯವರು ಹೇಳಿದ "ಅಂಗೈಯಲ್ಲಿ ಕೂರೋ ಮರಿ" ಬಗ್ಗೆ. ಅವರ ಕಷ್ಟ ನನಗೆ ಅರ್ಥವಾಗುತ್ತದೆ, ಕೊಳ್ಳುವವರು ಕೇಳುವುದು ಅದನ್ನೇ. ಆದರೆ ನಿಮ್ಮದು ನ್ಯೂಜಿಲ್ಯಾಂಡ್ ವೈಟ್ ತಳಿಯ ಮೊಲ ಇರಬಹುದು, ನಮ್ಮಲ್ಲಿ ಬಿಳಿ ಮೈ ಕೆಂಪು ಕಣ್ಣಿನವು ಹೆಚ್ಚಾಗಿ ಅದೇ ಅಥವಾ ಅದರ ಮಿಶ್ರ. ಎಂಟು ವಾರಕ್ಕೆ ಅದು ಒಂದು ಕಿಲೋ ಆಸುಪಾಸು, ಚೆನ್ನಾಗಿ ಸಾಕಿದ್ದರೆ ಅದಕ್ಕೂ ಜಾಸ್ತಿ ಇರುತ್ತದೆ. ಬೆಳೆದ ಮೇಲೆ ನಾಲ್ಕೈದು ಕಿಲೋ. ಅಂಗೈ ಮರಿ ನೋಡಿ ಕೊಂಡವರು ನಾಲ್ಕು ತಿಂಗಳಾದ ಮೇಲೆ ಇಷ್ಟು ದೊಡ್ಡದಾಗುತ್ತೆ ಅಂತ ಗೊತ್ತಿರಲಿಲ್ಲ ಎಂದು ಬಿಟ್ಟು ಹೋಗುವುದನ್ನೂ ನೋಡಿದ್ದೇನೆ. ಎಂಟು ವಾರದ ಮರಿ ತನ್ನ ಗಾತ್ರ, ಸ್ವಭಾವ ಎರಡನ್ನೂ ತೋರಿಸುತ್ತದೆ. ಆಗಲೂ ಇಷ್ಟಪಟ್ಟು ಕೊಳ್ಳುವವರೇ ನಿಮ್ಮ ಮರಿಗೆ ಬೇಕಾದ ಜನ. ಯಾರಾದರೂ ಕುಳ್ಳ ತಳಿಯ ಅಥವಾ ಜೋಲುಕಿವಿಯ ಮರಿಗಳ ಬಗ್ಗೆ ಕೇಳಿದರೆ ನಾನು ಒಂಬತ್ತು ಹತ್ತು ವಾರ ಅನ್ನುತ್ತೇನೆ. ಅವು ಇನ್ನೂ ಸೂಕ್ಷ್ಮ.

ಕಾನೂನಿನ ಮಾತೂ ಒಂದಿದೆ. ಪ್ರಾಣಿಹಿಂಸೆ ತಡೆ ಕಾಯ್ದೆಯಡಿ 2018ರಲ್ಲಿ ಪೆಟ್ ಶಾಪ್ ನಿಯಮಗಳು ಬಂದಿವೆ, ಮೊಲವೂ ಅದರಲ್ಲಿ ಸೇರಿದೆ. ಅಂಗಡಿ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಿರಬೇಕು. ನೋಂದಣಿ ಪತ್ರ ತೋರಿಸಿ ಅಂತ ಕೇಳುವುದರಲ್ಲಿ ಸಂಕೋಚ ಬೇಡ.

ನನ್ನ ಸಲಹೆ ಕೇಳಿದರೆ ಅಂಗಡಿಗೆ ಕೊಡುವ ಬದಲು ನೇರವಾಗಿ ಮನೆಗಳಿಗೇ ಕೊಡಿ. ಮರಿಗೆ ಒಂದು ಸ್ಥಳಾಂತರ ತಪ್ಪುತ್ತದೆ. ಮೊಲ ಚೆನ್ನಾಗಿ ನೋಡಿಕೊಂಡರೆ ಎಂಟು ಹತ್ತು ವರ್ಷ ಬದುಕುತ್ತದೆ ಅಂತ ಮೊದಲೇ ಹೇಳಿ. ಜೋಡಿ ಬೇಕು ಅಂದವರಿಗೆ ಎರಡು ಹೆಣ್ಣು ಕೊಡಿ. ಗಂಡು ಹೆಣ್ಣು ಕೊಟ್ಟರೆ ನಿಮ್ಮ ಮನೆಯ ಕತೆಯೇ ಅಲ್ಲೂ ಆಗುತ್ತದೆ. ಎಂಟು ವಾರಕ್ಕೆ ಗಂಡು ಹೆಣ್ಣು ಗುರುತಿಸಬಹುದು, ಆದರೆ ಕಣ್ಣು ಪಳಗದವರು ತಪ್ಪುವುದೇ ಹೆಚ್ಚು. ಕೊಡುವ ಮುಂಚೆ ಆರನ್ನೂ ಒಮ್ಮೆ ಪಶುವೈದ್ಯರಿಗೆ ತೋರಿಸಿ. ನಿಮ್ಮಲ್ಲೇ ಉಳಿಯುವ ಮರಿಗಳನ್ನು ಹತ್ತು ಹನ್ನೆರಡು ವಾರದೊಳಗೆ ಗಂಡು ಬೇರೆ, ಹೆಣ್ಣು ಬೇರೆ ಮಾಡಿ.

ಕಳಿಸುವ ದಿನ ಪ್ರತಿ ಮರಿಯ ಜೊತೆ ಮೂರು ವಸ್ತು ಕಟ್ಟಿಕೊಡಿ. ಒಂದು ವಾರಕ್ಕೆ ಆಗುವಷ್ಟು ಅದೇ ಪೆಲೆಟ್, ಒಂದು ಚೀಲ ಅದೇ ಒಣಹುಲ್ಲು, ಗೂಡಿನಿಂದ ತೆಗೆದ ಒಂದು ಹಿಡಿ ಹಾಸುಹುಲ್ಲು. ಕೊನೆಯದನ್ನು ಹೊಸ ಗೂಡಿನ ಮೂಲೆಯಲ್ಲಿ ಹಾಕಲು ಹೇಳಿ, ತನ್ನದೇ ವಾಸನೆ ಇದ್ದರೆ ಮರಿ ಬೇಗ ತಿನ್ನಲು ಬಾಯಿ ಹಾಕುತ್ತದೆ. ಹೊಸ ಪೆಲೆಟ್ಟನ್ನು ಹಳೆಯದಕ್ಕೆ ಸ್ವಲ್ಪ ಸ್ವಲ್ಪವೇ ಬೆರೆಸುತ್ತಾ ಏಳೆಂಟು ದಿನದಲ್ಲಿ ಬದಲಿಸಲಿ. ಮೊದಲ ಎರಡು ದಿನ ಎತ್ತಿ ಮುದ್ದು ಮಾಡದೆ ಸುಮ್ನೆ ಬಿಟ್ಟಿರಲಿ. ನೀವು ಮೂರನೇ ದಿನ ಒಂದು ಫೋನ್ ಮಾಡಿ, ಹಿಕ್ಕೆ ಗಟ್ಟಿಯಾಗಿ ಗುಂಡಗೆ ಬೀಳುತ್ತಿದೆಯಾ ಅಂತ ಕೇಳಿ.